ಜನಪದೋದ್ಧ್ವಂಸವೂ ಋತುವೈಪರೀತ್ಯವೂ

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸನೀಯವೆಂದು ಹೆಸರು. ಪಾಂಚಾಲದ ರಾಜಧಾನಿಯಾದ ಕಾಂಪಿಲ್ಯದಲ್ಲಿ, ಬೇಸಿಗೆಯ ಕಡೆಯ ತಿಂಗಳಲ್ಲಿ, ಪುನರ್ವಸು ಆತ್ರೇಯನು ಶಿಷ್ಯರೊಡನೆ ಗಂಗಾತೀರದ ವನದಲ್ಲಿ ಸಂಚರಿಸುತ್ತಿರುವಾಗ ನಡೆದ ಸಂವಾದವೇ ಅದರ ವಸ್ತು. ಅಲ್ಲಿ ಅಗ್ನಿವೇಶನು ಗುರುವಿಗೆ ಒಂದು ಪ್ರಶ್ನೆಯನ್ನು ಹಾಕುತ್ತಾನೆ. ಮನುಷ್ಯರ ಪ್ರಕೃತಿ ಬೇರೆ, ಆಹಾರ ಬೇರೆ, ದೇಹಬಲ ಬೇರೆ, ಸಾತ್ಮ್ಯ ಬೇರೆ, ವಯಸ್ಸು ಬೇರೆ. ಹೀಗಿರುವಲ್ಲಿ ಒಂದೇ ವ್ಯಾಧಿಯು ಏಕಕಾಲದಲ್ಲಿ ಇಡಿಯ ಜನಪದವನ್ನು ಹೇಗೆ ನಾಶಮಾಡಬಲ್ಲುದು? ವೈದ್ಯಶಾಸ್ತ್ರದಲ್ಲಿ ಇದಕ್ಕಿಂತ ಸಮಂಜಸವಾದ ಪ್ರಶ್ನೆಗಳು ವಿರಳ. ವ್ಯಕ್ತಿಯೊಬ್ಬನ ದೋಷಗಳನ್ನು ಪರೀಕ್ಷಿಸಿ ಚಿಕಿತ್ಸೆಮಾಡುವ ಶಾಸ್ತ್ರವು ಸಮುದಾಯದ ರೋಗವನ್ನು ಎದುರಿಸಬೇಕಾದಾಗ ತನ್ನ ಬುಡವನ್ನೇ ಪುನಃ ಪರೀಕ್ಷಿಸಿಕೊಳ್ಳಬೇಕಾಗುತ್ತದೆ.

ಆತ್ರೇಯನ ಉತ್ತರವು ಸಂಕ್ಷೇಪವಾಗಿ ಇದು. ಪ್ರಕೃತ್ಯಾದಿಗಳು ಭಿನ್ನವಾಗಿದ್ದರೂ ಸರ್ವರಿಗೂ ಸಮಾನವಾದ ಭಾವಗಳು ನಾಲ್ಕುಂಟು: ವಾಯು, ಉದಕ, ದೇಶ, ಕಾಲ. ಇವು ಕೆಟ್ಟರೆ ಸಮಾನಕಾಲದಲ್ಲಿ ಸಮಾನಲಕ್ಷಣಗಳುಳ್ಳ ವ್ಯಾಧಿಗಳು ಹುಟ್ಟಿ ಜನಪದವನ್ನು ಹಾಳುಮಾಡುತ್ತವೆ. ಇವುಗಳಲ್ಲಿ ವಾಯುವಿಗಿಂತ ಜಲವೂ, ಜಲಕ್ಕಿಂತ ದೇಶವೂ, ದೇಶಕ್ಕಿಂತ ಕಾಲವೂ ಗುರುತರವೆಂದು ಅವನು ಕ್ರಮವನ್ನು ಹೇಳುತ್ತಾನೆ. ಏಕೆಂದರೆ ಒಂದಕ್ಕಿಂತ ಮುಂದಿನದು ದುಷ್ಪರಿಹಾರ್ಯವಾದುದು, ಅಂದರೆ ತಪ್ಪಿಸಿಕೊಳ್ಳಲು ಹೆಚ್ಚು ಕಷ್ಟವಾದುದು. ಕೆಟ್ಟ ಗಾಳಿ ಬೀಸದಲ್ಲಿಗೆ ಸರಿದುಕೊಳ್ಳಬಹುದು. ಕೆಟ್ಟ ನೀರನ್ನು ಬಿಟ್ಟು ಬೇರೆಯದನ್ನು ತರಬಹುದು. ಊರನ್ನೇ ಬಿಡುವುದು ಕಷ್ಟ. ಋತುವನ್ನು ಬಿಟ್ಟು ಹೋಗುವುದಂತೂ ಸಾಧ್ಯವೇ ಇಲ್ಲ. ಸುಶ್ರುತನು ಸಹ ಸೂತ್ರಸ್ಥಾನದ ಋತುಚರ್ಯಾಧ್ಯಾಯದಲ್ಲಿ ಋತುಗಳು ವ್ಯಾಪನ್ನವಾದಾಗ ಓಷಧಿಗಳೂ ನೀರೂ ಕೆಟ್ಟು ಅವುಗಳ ಉಪಯೋಗದಿಂದ ವ್ಯಾಧಿಗಳು ಹುಟ್ಟುತ್ತವೆಂದು ಹೇಳಿರುವನು.

ಈಗ ಲೋಕದಲ್ಲೆಲ್ಲ ಹವಾಮಾನ ಬದಲಾವಣೆಯೆಂದು ಕರೆಯಲ್ಪಡುತ್ತಿರುವುದು ಈ ಕಾಲವೈಕೃತವೇ. ಹೀಗೆಂದ ಮಾತ್ರಕ್ಕೆ ಇಂದಿನ ವಿಜ್ಞಾನವೆಲ್ಲವೂ ಚರಕನಲ್ಲಿ ಅಡಗಿದೆಯೆಂದು ನಾನು ಹೇಳುತ್ತಿರುವೆನೆಂದು ವಾಚಕರು ಭಾವಿಸಬಾರದು. ಅಂಥ ಮಾತುಗಳಿಂದ ಶಾಸ್ತ್ರಕ್ಕೆ ಗೌರವ ಹೆಚ್ಚುವುದಿಲ್ಲ. ಕಲ್ಲಿದ್ದಲನ್ನೂ ಖನಿಜತೈಲವನ್ನೂ ಉರಿಸಿದುದರಿಂದ ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚಿ, ಅದು ಭೂಮಿಯ ಶಾಖವನ್ನು ಹೊರಹೋಗಗೊಡದೆ ತಡೆಯುತ್ತದೆಂಬ ವಿಷಯವು ಆಧುನಿಕರ ಸಂಪಾದನೆ. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗಗಳಿದ್ದ ಆ ಅನಿಲವು ಈಗ 420ನ್ನು ಮೀರಿದೆ. 1850–1900ರ ಸರಾಸರಿಗಿಂತ 2011–2020ರ ಸರಾಸರಿ ಉಷ್ಣಮಾನವು ಸುಮಾರು 1.1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತೆಂಬುದು ವಿವಿಧ ರಾಷ್ಟ್ರಗಳ ವಿಜ್ಞಾನಿಗಳು ಕೂಡಿ ಮಾಡಿರುವ ನಿರ್ಣಯ. ಆತ್ರೇಯನಿಂದ ನಮಗೆ ದೊರೆಯತಕ್ಕದ್ದು ಕಾರಣದ ರಸಾಯನವಲ್ಲ, ವಿಚಾರದ ಕ್ರಮ. ಆ ಕ್ರಮವನ್ನು ನಮ್ಮ ಬೆಂಗಳೂರಿಗೆ, ವಿಶೇಷವಾಗಿ ಬಸವೇಶ್ವರನಗರವಿರುವ ಪಶ್ಚಿಮಭಾಗಕ್ಕೆ, ಹೊಂದಿಸಿ ನೋಡಿದರೆ ಅಗ್ನಿವೇಶನ ಪ್ರಶ್ನೆಯು ತಲೆಕೆಳಗಾಗಿ ನಿಲ್ಲುತ್ತದೆಂಬುದೇ ಈ ಲೇಖನದ ಪ್ರತಿಪಾದ್ಯ. ಭಿನ್ನರಾದ ಜನರಿಗೆ ಒಂದೇ ವ್ಯಾಧಿ ಹೇಗೆ ಬರುತ್ತದೆಂದು ಅವನು ಕೇಳಿದನು. ಒಂದೇ ಆಕಾಶದ ಕೆಳಗೆ, ಒಂದೇ ಮಳೆ ಒಂದೇ ಬಿಸಿಲಿನಲ್ಲಿರುವ ಜನರಿಗೆ ವ್ಯಾಧಿಯು ಭಿನ್ನಭಿನ್ನವಾಗಿ ಏಕೆ ಹಂಚಿಕೆಯಾಗುತ್ತದೆ? ನಾವು ಇಂದು ಕೇಳಬೇಕಾದುದು ಇದು.

ಮೊದಲು ಕಾಲದ ಸ್ಥಿತಿಯನ್ನು ನೋಡೋಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಈ ನಗರವು ಸಮಶೀತೋಷ್ಣವೆಂದು ಪ್ರಖ್ಯಾತವಾದುದು. 2016ರ ಏಪ್ರಿಲ್‌ನಲ್ಲಿ ಇಲ್ಲಿನ ಉಷ್ಣಮಾನವು 39.2 ಡಿಗ್ರಿಗೆ ಏರಿತು. ಅದು ಈವರೆಗಿನ ದಾಖಲೆ. 2024ರ ಏಪ್ರಿಲ್ 28ರಂದು 38.5 ಡಿಗ್ರಿಯಾಯಿತು. ಆ ಏಪ್ರಿಲ್ ತಿಂಗಳೆಲ್ಲ ನಗರದ ವೀಕ್ಷಣಾಲಯದಲ್ಲಿ ಮಳೆ ದಾಖಲಾಗಲಿಲ್ಲ. 1983ರ ತರುವಾಯ ಹಾಗಾದುದು ಅದೇ ಮೊದಲು. ಆದರೆ ಅದೇ ವರ್ಷದ ಜೂನ್ 2ರಂದು ಒಂದೇ ದಿನದಲ್ಲಿ 111.1 ಮಿಲಿಮೀಟರು ಮಳೆ ಸುರಿದು, 1891ರ ಜೂನ್ ತಿಂಗಳಿಂದ ನಿಂತಿದ್ದ 101.6 ಮಿಲಿಮೀಟರಿನ ದಾಖಲೆಯು ಮುರಿಯಿತು. ಒಂದು ಏಪ್ರಿಲನ್ನು ನೋಡಿ ಯುಗವನ್ನು ನಿರ್ಣಯಿಸಲಾಗದೆಂಬುದು ನಿಜ. ಆದರೆ 2022ರ ವಾರ್ಷಿಕ ಮಳೆಯು 1950 ಮಿಲಿಮೀಟರನ್ನು ಮೀರಿ, 1901ರಿಂದೀಚಿನ ಲೆಕ್ಕದಲ್ಲಿಯೇ ಅತ್ಯಧಿಕವಾದುದನ್ನೂ, ಅದರ ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುದನ್ನೂ ಜೊತೆಗಿಟ್ಟು ನೋಡಿದರೆ, ಅತಿಯೋಗವೂ ಅಯೋಗವೂ ಒಂದರ ಬೆನ್ನಿಗೊಂದು ಬರುತ್ತಿರುವುದು ಸ್ಪಷ್ಟವಾಗುತ್ತದೆ. ಕಾಲವು ಕೆಡುವುದೆಂದರೆ ತನ್ನ ಲಕ್ಷಣಕ್ಕೆ ವಿಪರೀತವಾಗಿಯೋ, ಅತಿಯಾಗಿಯೋ, ಹೀನವಾಗಿಯೋ ಇರುವುದೆಂದು ಆ ಅಧ್ಯಾಯದಲ್ಲಿ ಹೇಳಿರುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಇನ್ನು ಬಿಸಿಲು. ಮನುಷ್ಯದೇಹವು ಬೆವರನ್ನು ಆರಿಸಿ ತನ್ನನ್ನು ತಣಿಸಿಕೊಳ್ಳುತ್ತದೆ. ಗಾಳಿಯಾಡದಿದ್ದರೆ, ಇಲ್ಲವೆ ಗಾಳಿಯಲ್ಲಿ ತೇವವು ಹೆಚ್ಚಿದ್ದರೆ, ಬೆವರು ಆರುವುದಿಲ್ಲ. ಒಳಗಿನ ಶಾಖವು ಏರುತ್ತದೆ. ಹೃದಯವು ಚರ್ಮದ ಕಡೆಗೆ ರಕ್ತವನ್ನು ನೂಕಲು ಅತಿಯಾಗಿ ದುಡಿಯುತ್ತದೆ. ನೀರು ಸಾಲದೆ ಮೂತ್ರಪಿಂಡಗಳು ನವೆಯುತ್ತವೆ. ಹಗಲಿನ ಆಯಾಸವನ್ನು ರಾತ್ರಿಯ ತಂಪು ಪರಿಹರಿಸಬೇಕು. ರಾತ್ರಿಯೂ ತಂಪಾಗದಿದ್ದರೆ ದೇಹಕ್ಕೆ ವಿಶ್ರಾಂತಿಯಿಲ್ಲ. ಬಸವೇಶ್ವರನಗರದ ಮರಗಳ ಸಾಲಿನ ಅಡ್ಡರಸ್ತೆಗಳಿಂದ ಕಾಮಾಕ್ಷಿಪಾಳ್ಯಕ್ಕೆ ಕಾಲ್ನಡೆಯ ದೂರ. ಅಲ್ಲಿ ಸಣ್ಣ ಕಾರ್ಖಾನೆಗಳಿವೆ. ಲೋಹಕ್ಕೆ ಬಣ್ಣವನ್ನು ಕುಲುಮೆಯಲ್ಲಿ ಬೇಯಿಸಿ ಹಿಡಿಸುವ ಶಾಲೆಗಳಿವೆ. ತಗಡಿನ ಶೀಟು ಹೊದಿಸಿದ ಮನೆಗಳಿವೆ. ತಗಡು ಹಗಲೆಲ್ಲ ಕಾದು ಒಳಗಿನವರ ನೆತ್ತಿಯ ಮೇಲೆಯೇ ಶಾಖವನ್ನು ಸುರಿಸುತ್ತದೆ. ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿ ಒಲೆಯೂ ಉರಿದರೆ ಆ ಬಿಸಿಯು ಇರುಳಾದರೂ ಹೊರಗೆ ಹೋಗುವುದಿಲ್ಲ. ವೀಕ್ಷಣಾಲಯದ 38.5 ಡಿಗ್ರಿ ಎಂಬುದು ನೆರಳಿನಲ್ಲಿ ಅಳೆದುದು. ಕುಲುಮೆಯ ಮುಂದೆ ದುಡಿದು ತಗಡಿನ ಕೆಳಗೆ ಮಲಗುವವನಿಗೆ ಆ ಅಂಕವು ಅನ್ವಯಿಸುವುದಿಲ್ಲ.

ಇಲ್ಲಿ ನಮ್ಮ ಪ್ರಾಚೀನ ಋತುಚರ್ಯೆಯ ಬಗೆಗೆ ಒಂದು ಮಾತನ್ನು ಹೇಳಲೇಬೇಕು. ಚರಕನು ಸೂತ್ರಸ್ಥಾನದ ಆರನೆಯ ಅಧ್ಯಾಯದಲ್ಲಿ ಗ್ರೀಷ್ಮಕ್ಕೆ ವಿಧಿಸಿರುವುದೇನು? ಹಗಲು ತಂಪಾದ ಮನೆಯಲ್ಲಿ ನಿದ್ರೆ, ರಾತ್ರಿ ಬೆಳದಿಂಗಳಿಂದ ತಣಿದ, ಗಾಳಿ ಬೀಸುವ ಉಪ್ಪರಿಗೆಯ ಮೇಲೆ ಶಯನ, ಮೈಗೆ ಚಂದನ, ಮುತ್ತುಗಳ ಧಾರಣೆ, ಬೀಸಣಿಗೆಯ ಗಾಳಿ. ಕಾಳಿದಾಸನ ಹೆಸರಿನಲ್ಲಿರುವ ಋತುಸಂಹಾರದ ಗ್ರೀಷ್ಮವೂ ಧಾರಾಗೃಹ ಚಂದನಗಳ ಗ್ರೀಷ್ಮವೇ. ನಮ್ಮ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ರಾಜನು ಋತುಋತುವಿಗೂ ಬೇರೆಬೇರೆ ಮೂಲದ ನೀರನ್ನು ಕುಡಿಯಬೇಕೆಂದು ವಿಧಿಯುಂಟು. ಇವುಗಳಲ್ಲಿ ದೋಷವೇನೂ ಇಲ್ಲ. ಶರೀರಶಾಸ್ತ್ರದ ದೃಷ್ಟಿಯಿಂದ ಆ ವಿಧಿಗಳು ಬಹುಮಟ್ಟಿಗೆ ಯುಕ್ತವಾದುವೇ ಸರಿ. ಆದರೆ ಈ ಗ್ರಂಥಗಳನ್ನು ಪಾಠಹೇಳುವವರು ಒಂದನ್ನು ಗಮನಿಸಬೇಕು. ಬೀಸಣಿಗೆಯ ಗಾಳಿಯನ್ನು ಸೇವಿಸತಕ್ಕವನಿಗೆ ಋತುಚರ್ಯೆಯುಂಟು. ಬೀಸಣಿಗೆಯನ್ನು ಬೀಸತಕ್ಕವನಿಗೆ ಯಾವ ಋತುಚರ್ಯೆ? ಗ್ರೀಷ್ಮದಲ್ಲಿ ವ್ಯಾಯಾಮವು ವರ್ಜ್ಯವೆಂದು ಶಾಸ್ತ್ರ ಹೇಳುತ್ತದೆ; ಬೆಳಗಿನಿಂದ ಬೀದಿಯನ್ನು ಗುಡಿಸುವ ಪೌರಕಾರ್ಮಿಕಳು, ಹತ್ತಿರ ಶೌಚಗೃಹವಿಲ್ಲವೆಂದು ನೀರನ್ನೂ ಕುಡಿಯದೆ ಮಧ್ಯಾಹ್ನದವರೆಗೆ ಮಾಡುವ ವ್ಯಾಯಾಮವನ್ನು ಯಾರು ವರ್ಜಿಸಿಕೊಡಬೇಕು? ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ ಬಾಗಲಕೋಟೆಗಳಲ್ಲಿಯೂ 2025ರ ಏಪ್ರಿಲ್ ಮೇ ತಿಂಗಳುಗಳಿಗೆ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಾಯಿಸಿದರು. ಇದು ಆ ಕಡೆ ಹಿಂದಿನಿಂದಲೂ ನಡೆದುಬಂದ ಸತ್ಸಂಪ್ರದಾಯ. ಆದರೆ ಕಚೇರಿಯ ಗುಮಾಸ್ತನಿಗೆ ದೊರೆತ ಆ ಆದೇಶವು ಗಾರೆಕೆಲಸದವನಿಗೂ ತಳ್ಳುಗಾಡಿಯವನಿಗೂ ತಲುಪುವ ದಾರಿ ಯಾವುದೂ ಇಲ್ಲ. ಅವರ ವೇಳೆಯನ್ನು ನಿರ್ಣಯಿಸುವುದು ಹೊಟ್ಟೆಪಾಡು.

ಜಲದ ವಿಷಯವು ಇದಕ್ಕಿಂತ ಸಂಕೀರ್ಣವಾದುದು. ಇಲ್ಲಿ ಸ್ವಲ್ಪ ನಿಂತು ನೋಡಬೇಕಾಗಿದೆ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸಾರ್ವಜನಿಕ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿದುವೆಂದು ಸರ್ಕಾರವು ತಿಳಿಸಿತು. ಆಗ ಕಾವೇರಿಯಿಂದ ದಿನಕ್ಕೆ ಸುಮಾರು 145 ಕೋಟಿ ಲೀಟರು ನೀರು ಬರುತ್ತಿದ್ದಿತು. ಐದನೆಯ ಹಂತದ ಯೋಜನೆಯಿಂದ ಇನ್ನೂ 77.5 ಕೋಟಿ ಲೀಟರು ಸೇರಿದುದು ಆ ವರ್ಷದ ಅಕ್ಟೋಬರಿನಲ್ಲಿ. ಬೇಸಿಗೆಯಲ್ಲಿ ಟ್ಯಾಂಕರು ನೀರಿನ ಬೆಲೆ ಏರಲು, ಜಿಲ್ಲಾಡಳಿತವು 5 ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿಯೆಂದೂ 12,000 ಲೀಟರಿಗೆ 1,000 ರೂಪಾಯಿಯೆಂದೂ ದರವನ್ನು ಗೊತ್ತುಮಾಡಿತು. ಇದು ಯುಕ್ತವಾದ ಕಾರ್ಯವೇ. ಆದರೆ 6,000 ಲೀಟರು ನೀರನ್ನು ಒಮ್ಮೆಗೇ ಇಳಿಸಿಕೊಳ್ಳಲು ಮನೆಯ ಮುಂದೆ ಸಂಪು ಬೇಕು. ಲಾರಿ ಬರುವಷ್ಟು ಅಗಲದ ರಸ್ತೆ ಬೇಕು. ಓಣಿಯ ಒಳಗಿನ ಬಾಡಿಗೆಕೋಣೆಯವನು ಶುದ್ಧನೀರಿನ ಘಟಕದ ಮುಂದೆ ಸಾಲಿನಲ್ಲಿ ನಿಂತು 20 ಲೀಟರಿನ ಕ್ಯಾನಿಗೆ 5 ರೂಪಾಯಿ ಹಾಕುತ್ತಾನೆ. ಗೊತ್ತುಮಾಡಿದ ದರದಲ್ಲಿ ಸಂಪಿನವನಿಗೆ ಹತ್ತು ಲೀಟರಿಗೆ 1 ರೂಪಾಯಿ ಬಿದ್ದರೆ ಇವನಿಗೆ ಎರಡೂವರೆ ರೂಪಾಯಿ. ಒಂದು ಶುದ್ಧೀಕರಿಸಿದ ನೀರು, ಇನ್ನೊಂದು ಅಲ್ಲ, ಎಂಬ ಭೇದವುಂಟೆಂಬುದನ್ನು ಒಪ್ಪುತ್ತೇನೆ. ಆದರೆ ಸಾಲಿನಲ್ಲಿ ನಿಂತ ಹೊತ್ತಿಗೂ ಕಳೆದುಹೋದ ಕೂಲಿಗೂ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ನೀರು ನಿತ್ಯವೂ ಬರುವುದಿಲ್ಲವೆಂದಾದರೆ ಜನರು ತುಂಬಿಟ್ಟುಕೊಳ್ಳುತ್ತಾರೆ. ಕೊಡ, ಬಿಂದಿಗೆ, ಪ್ಲಾಸ್ಟಿಕ್ ಡ್ರಮ್ಮು, ಬಕೆಟ್ಟು, ಯಾವುದಾದರೂ ಸರಿ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಕೊಚ್ಚೆಯಲ್ಲಿ ಮೊಟ್ಟೆಯಿಡುವುದಿಲ್ಲ. ಹೀಗೆ ಮನೆಯಲ್ಲಿ ತುಂಬಿಟ್ಟ ತಿಳಿನೀರನ್ನೇ ಬಯಸುತ್ತದೆ. ಪಾತ್ರೆಯ ಅಂಚಿಗೆ ಅಂಟಿದ ಮೊಟ್ಟೆಗಳು ನೀರು ಬತ್ತಿದ ಮೇಲೂ ತಿಂಗಳುಗಟ್ಟಲೆ ಜೀವಹಿಡಿದಿದ್ದು, ಪುನಃ ನೀರು ಮುಟ್ಟಿದೊಡನೆ ಮರಿಯಾಗುತ್ತವೆ. ಅಲ್ಲದೆ ರೋಗಾಣುವು ಸೊಳ್ಳೆಯ ದೇಹದಲ್ಲಿ ಪಕ್ವವಾಗಿ ಮತ್ತೊಬ್ಬರಿಗೆ ಹರಡಲು ಬೇಕಾದ ದಿನಗಳು ಶಾಖವೇರಿದಂತೆ ಕಡಮೆಯಾಗುತ್ತವೆ. ಬರಗಾಲವು ಡ್ರಮ್ಮುಗಳನ್ನು ತುಂಬಿಸಿತು. ಬಿಸಿಲು ರೋಗಾಣುವನ್ನು ಬೇಗ ಮಾಗಿಸಿತು. ಜೂನ್ ತಿಂಗಳ ಮಳೆ ಬಯಲಿನಲ್ಲಿ ಬಿದ್ದಿದ್ದ ಟೈರು, ತೆಂಗಿನ ಚಿಪ್ಪುಗಳನ್ನೂ ತುಂಬಿಸಿತು. 2024ರ ಸೆಪ್ಟೆಂಬರಿನ ಆದಿಯ ಹೊತ್ತಿಗೆ ರಾಜ್ಯದಲ್ಲಿ 25,000ಕ್ಕೂ ಮಿಕ್ಕಿದ ಡೆಂಗಿ ಪ್ರಕರಣಗಳಾಗಿ, ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು 2020ರ ಅಧಿನಿಯಮದ ಮೇರೆಗೆ ಸಾರಿತು. ಸೊಳ್ಳೆ ಬೆಳೆಯಲು ಎಡೆಗೊಟ್ಟ ಪಟ್ಟಣದ ಮನೆಗೆ 400 ರೂಪಾಯಿ, ವ್ಯಾಪಾರದ ಸ್ಥಳಕ್ಕೆ 1,000, ಕಟ್ಟಡ ಕಟ್ಟುತ್ತಿರುವ ಸ್ಥಳಕ್ಕೆ 2,000 ರೂಪಾಯಿ ದಂಡವೆಂದು ವಿಧಿಸಲಾಯಿತು.

ಈ ದಂಡದ ಸ್ವರೂಪವನ್ನು ವಿಚಾರಿಸಿರಿ. ಮನೆಯಲ್ಲಿ ನೀರನ್ನು ತೆರೆದ ಪಾತ್ರೆಗಳಲ್ಲಿ ಶೇಖರಿಸುವವರಾರು? ನಲ್ಲಿಯಲ್ಲಿ ನಿತ್ಯ ನೀರು ಬಾರದವರು. ಮುಚ್ಚಿದ ಸಂಪೂ ಮಾಳಿಗೆಯ ಮೇಲಿನ ತೊಟ್ಟಿಯೂ ಉಳ್ಳವನಿಗೆ ಡ್ರಮ್ಮಿನ ಅವಶ್ಯವಿಲ್ಲ. ಮಾರ್ಚಿಯಲ್ಲಿ ನೀರನ್ನು ಕೊಡಲಾರದೆ ಹೋದ ನಗರವು ಸೆಪ್ಟೆಂಬರಿನಲ್ಲಿ ಆ ನೀರನ್ನು ಕೂಡಿಟ್ಟುದಕ್ಕಾಗಿ ದಂಡವನ್ನು ಕೇಳಿದಂತಾಯಿತು. ಕಟ್ಟಡದ ಸ್ಥಳಗಳಿಗೆ ಐದರಷ್ಟು ದಂಡವನ್ನಿಟ್ಟುದರಿಂದ ಶಾಸನಕರ್ತರ ಆಶಯವು ಒಳ್ಳೆಯದೆಂಬುದು ತಿಳಿಯುತ್ತದೆ. ಆದರೂ ದಿನಗೂಲಿಯವನಿಗೆ 400 ರೂಪಾಯಿಯೂ ದೊಡ್ಡ ಗುತ್ತಿಗೆದಾರನಿಗೆ 2,000 ರೂಪಾಯಿಯೂ ಒಂದೇ ಬಗೆಯ ದಂಡವಾಗಲಾರವು.

ಇದಕ್ಕೆ ಹೀಗೆ ಆಕ್ಷೇಪಿಸಬಹುದು: ಸೊಳ್ಳೆಯು ಧನಿಕ ದರಿದ್ರರೆಂಬ ಭೇದವನ್ನೆಣಿಸುವುದಿಲ್ಲ, ಡೆಂಗಿಯು ದೊಡ್ಡ ಬಂಗಲೆಗಳಲ್ಲಿಯೂ ಉಂಟು, ಆದುದರಿಂದ ಇಲ್ಲಿ ವೈಷಮ್ಯವನ್ನು ಹುಡುಕುವುದು ಅನಾವಶ್ಯಕ. ಆಕ್ಷೇಪದ ಪೂರ್ವಾರ್ಧವು ಸತ್ಯವೇ. ಹೂಕುಂಡದ ತಟ್ಟೆಯಲ್ಲಿಯೂ ಸೊಳ್ಳೆ ಬೆಳೆಯುತ್ತದೆ. ಆದರೆ ರೋಗವು ತಗಲುವುದು ಬೇರೆ, ರೋಗದಿಂದ ಆಗುವುದು ಬೇರೆ. ಜ್ವರವಿಳಿದ ಮೇಲೆಯೇ ಡೆಂಗಿಯ ಅಪಾಯಕಾಲವು ಬರುವುದುಂಟು. ಆಗ ವಿಶ್ರಾಂತಿ, ಪಾನೀಯ, ರಕ್ತಪರೀಕ್ಷೆಗಳು ಬೇಕು. ಜ್ವರವಿಳಿಯಿತೆಂದು ಮರುದಿನವೇ ಕೆಲಸಕ್ಕೆ ಹೋಗತಕ್ಕವನಿಗೆ ಆ ಎರಡು ದಿನಗಳೇ ಮಾರಕವಾಗಬಹುದು. 2022ರ ಡಿಸೆಂಬರಿನಿಂದ ತೆರೆದ ನಮ್ಮ ಕ್ಲಿನಿಕ್ಕುಗಳಲ್ಲಿ ಉಚಿತ ಪರೀಕ್ಷೆ ದೊರೆಯುವುದು ಶ್ಲಾಘ್ಯ. ಆದರೆ ಆರಂಭದಲ್ಲಿ ಅವುಗಳಿಗೆ ಗೊತ್ತುಮಾಡಿದ ವೇಳೆಯು ಬೆಳಗ್ಗೆ 9ರಿಂದ ಸಂಜೆ 4:30. ಗಾರ್ಮೆಂಟ್ಸ್‌ನ ಹೆಂಗಸು ಹೊಲಿಗೆಯಂತ್ರದ ಮುಂದೆ ಕುಳಿತಿರುವ ವೇಳೆಯೂ ಅದೇ. ಅರ್ಧದಿನದ ಸಂಬಳವನ್ನು ಕಳೆದುಕೊಂಡು ಪಡೆಯುವ ಔಷಧವು ಉಚಿತವೆಂಬುದು ಲೆಕ್ಕಪುಸ್ತಕದಲ್ಲಿ ಮಾತ್ರ.

ದೇಶವೆಂದರೆ ನೆಲ. ವೃಷಭಾವತಿಯು ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂಬ ಐತಿಹ್ಯದಿಂದ ಹೆಸರನ್ನು ಪಡೆದ ನದಿ. ನಾಯಂಡಹಳ್ಳಿ, ಕೆಂಗೇರಿ, ಬೈರಮಂಗಲಗಳ ಮೂಲಕ ಹರಿದು ಅರ್ಕಾವತಿಯ ದ್ವಾರಾ ಕಾವೇರಿಯನ್ನು ಸೇರುತ್ತದೆ. ನಗರದ ಪಶ್ಚಿಮಭಾಗದ ಚರಂಡಿಯ ನೀರೂ ಕಾರ್ಖಾನೆಗಳ ಕಲ್ಮಷವೂ ಅದರ ಪಾಲಿಗೆ ಬಂದಿವೆ. ಹಿಂದೆ ಈ ಕಣಿವೆಗೆ ಇಳಿಯುತ್ತಿದ್ದ ಹಳ್ಳಗಳೇ ಇಂದಿನ ರಾಜಕಾಲುವೆಗಳು. ಮಳೆಯು ಹಲವು ದಿನಗಳಲ್ಲಿ ಬೀಳುತ್ತಿದ್ದುದು ಒಂದೆರಡು ಗಂಟೆಗಳಲ್ಲಿ ಬಿದ್ದಾಗ, ಕೆರೆಗಳು ಮುಚ್ಚಿಹೋಗಿ ನೆಲವೆಲ್ಲ ಕಾಂಕ್ರೀಟಾಗಿರುವಾಗ, ನೀರು ತನ್ನ ಹಳೆಯ ದಾರಿಯನ್ನು ಹುಡುಕುತ್ತದೆ. ಆ ದಾರಿಯಲ್ಲಿ ನೆಲ ಅಗ್ಗವಾದುದರಿಂದ ಬಡವರ ಮನೆಗಳಿರುತ್ತವೆ. 2017ರ ಅಕ್ಟೋಬರಿನಲ್ಲಿ ಕುರುಬರಹಳ್ಳಿಯ ರಾಜಕಾಲುವೆಯು ಉಕ್ಕಿ ದೇವಸ್ಥಾನದ ಅರ್ಚಕರೊಬ್ಬರನ್ನೂ ತಾಯಿಮಗಳಿಬ್ಬರನ್ನೂ ಸೆಳೆದುಕೊಂಡುಹೋಯಿತು. ಅದು ಬಸವೇಶ್ವರನಗರದ ನೆರೆಯ ಬಡಾವಣೆಯೇ. ಕೊಚ್ಚೆನೀರು ಮನೆಯೊಳಗೆ ನುಗ್ಗಿಹೋದ ಮೇಲೂ ಅತಿಸಾರ, ಕಾಮಾಲೆ, ಇಲಿಜ್ವರಗಳ ಭಯವು ವಾರಗಟ್ಟಲೆ ಉಳಿಯುತ್ತದೆ.

2022ರ ಮೇ 17ರ ರಾತ್ರಿಯ ಸಂಗತಿಯು ನನಗೆ ಈ ಪ್ರಕರಣದಲ್ಲೆಲ್ಲ ಅತ್ಯಂತ ಶೋಚನೀಯವಾಗಿ ತೋರುತ್ತದೆ. ಉಳ್ಳಾಲ ಉಪನಗರದಲ್ಲಿ ಕಾವೇರಿಯ ಐದನೆಯ ಹಂತದ ಕೊಳವೆಯೊಳಗೆ ಕೆಲಸಮಾಡುತ್ತಿದ್ದ ಇಬ್ಬರು ಕೂಲಿಗಾರರು, ಒಬ್ಬನು ಬಿಹಾರದವನು, ಇನ್ನೊಬ್ಬನು ಉತ್ತರಪ್ರದೇಶದವನು, ಹಠಾತ್ತಾಗಿ ಸುರಿದ ಮಳೆಯ ನೀರು ಕೊಳವೆಗೆ ನುಗ್ಗಿ ಸತ್ತರು. ನಗರದ ಬಾಯಾರಿಕೆಗೆಂದು ಹಾಕುತ್ತಿದ್ದ ಕೊಳವೆಯದು. ಕಾಲವೈಕೃತದ ಅತಿವೃಷ್ಟಿ, ಅನಾವೃಷ್ಟಿಗೆ ಮಾಡುತ್ತಿದ್ದ ಪರಿಹಾರ, ಊರು ಬಿಟ್ಟು ಬಂದವರ ದುಡಿಮೆ, ಈ ಮೂರೂ ಒಂದೇ ಬಿಂದುವಿನಲ್ಲಿ ಕೂಡಿದ್ದುವು.

ನೆಲವನ್ನು ಬದಲಿಸಿ ರೋಗವನ್ನು ತಪ್ಪಿಸಿಕೊಳ್ಳುವುದು ಈ ಊರಿಗೆ ಹೊಸದಲ್ಲ. 1898ರ ಆಗಸ್ಟಿನಲ್ಲಿ ರೈಲುಮಾರ್ಗವಾಗಿ ಪ್ಲೇಗು ಇಲ್ಲಿಗೆ ಬಂದಾಗ ಕಿಕ್ಕಿರಿದ ಪೇಟೆಯ ಜನ ಅದಕ್ಕೆ ಹೆಚ್ಚಾಗಿ ಬಲಿಯಾದರು. ಅಗಲವಾದ ರಸ್ತೆಗಳೂ ಹಿತ್ತಿಲುಗಳೂ ಉಳ್ಳ ಬಸವನಗುಡಿ ಮಲ್ಲೇಶ್ವರಗಳು ಬೇಗಬೇಗನೆ ಬೆಳೆದುದು ಆ ಕಾಲದಲ್ಲಿಯೇ. ಆ ಬಡಾವಣೆಗಳಲ್ಲಿ ಜಾತಿವಾರು ವಿಭಾಗಗಳಿದ್ದುವು. ನಿವೇಶನವನ್ನು ಕೊಳ್ಳಬಲ್ಲವರು ಹೋದರು, ಉಳಿದವರು ಪೇಟೆಯಲ್ಲಿ ಪ್ಲೇಗಿನ ಮಾರಮ್ಮನಿಗೆ ಗುಡಿ ಕಟ್ಟಿದರು. ಆತ್ರೇಯನು ಹೇಳಿದ ದುಷ್ಪರಿಹಾರ್ಯತೆಯ ಕ್ರಮವು ಅರ್ಥವುಳ್ಳವನ ವಿಷಯದಲ್ಲಿ ಆಗಲೇ ಸಡಿಲವಾಗಿತ್ತು. ಇಂದು ಅವನು ಗಾಳಿಯನ್ನು ಯಂತ್ರದಿಂದ ಶೋಧಿಸಿಕೊಳ್ಳಬಲ್ಲನು, ನೀರನ್ನು ಕೊಳ್ಳಬಲ್ಲನು, ದಿಣ್ಣೆಯ ಮೇಲೆ ಮನೆ ಕಟ್ಟಬಲ್ಲನು. ಕಡೆಗೆ ಸರ್ವಥಾ ಅಪರಿಹಾರ್ಯವೆನ್ನಿಸಿದ್ದ ಕಾಲವನ್ನೂ ಶೀತಲಯಂತ್ರವಿರುವ ನಾಲ್ಕು ಗೋಡೆಗಳ ಮಟ್ಟಿಗೆ ಗೆದ್ದಿದ್ದಾನೆ. ಆ ಯಂತ್ರವು ಒಳಗಿನ ಬಿಸಿಯನ್ನು ಹೊರಗಿನ ಬೀದಿಗೆ ಉಗುಳುತ್ತದೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಸಮಾನವಾದ ನಾಲ್ಕು ಭಾವಗಳೂ ಹೀಗೆ ಸಮಾನವಾಗಿ ಉಳಿಯಲಿಲ್ಲ.

ಆತ್ರೇಯನು ಇದನ್ನು ಊಹಿಸಲಿಲ್ಲವೆಂದು ಹೇಳಬಹುದೇ? ಅಧ್ಯಾಯದ ಉತ್ತರಭಾಗವನ್ನು ಓದಿದರೆ ಸಂದೇಹವಾಗುತ್ತದೆ. ನಾಲ್ಕೂ ಭಾವಗಳು ಕೆಡುವುದಕ್ಕೆ ಮೂಲವು ಅಧರ್ಮವೆಂದೂ, ಅದಕ್ಕೂ ಮೂಲವು ಪ್ರಜ್ಞಾಪರಾಧವೆಂದೂ, ಅದು ದೇಶ ನಗರಗಳ ಪ್ರಧಾನರಲ್ಲಿ ಮೊದಲಾಗಿ ಅವರ ಆಶ್ರಿತರಿಗೂ ಪೌರರಿಗೂ ವ್ಯವಹಾರದಿಂದ ಜೀವಿಸುವವರಿಗೂ ಹರಡುತ್ತದೆಂದೂ, ಆಮೇಲೆ ಮಳೆ ಕಾಲಕ್ಕೆ ಸರಿಯಾಗಿ ಬೀಳುವುದಿಲ್ಲವೆಂದೂ ಅಲ್ಲಿ ಹೇಳಿದೆ. ಅಧರ್ಮದ ಇತಿಹಾಸವನ್ನು ಹೇಳುವಾಗ ಕೃತಯುಗದ ಅಂತ್ಯದಲ್ಲಿ ಸಂಪನ್ನರಾದ ಕೆಲವರು ಅತಿಯಾಗಿ ತೆಗೆದುಕೊಂಡುದರಿಂದ ಶರೀರಗೌರವವೂ, ಅದರಿಂದ ಶ್ರಮ ಆಲಸ್ಯಗಳೂ, ಆಲಸ್ಯದಿಂದ ಸಂಚಯವೂ, ಸಂಚಯದಿಂದ ಪರಿಗ್ರಹವೂ, ಪರಿಗ್ರಹದಿಂದ ಲೋಭವೂ ಹುಟ್ಟಿತೆಂದು ಪರಂಪರೆಯನ್ನು ಕೊಡುತ್ತಾನೆ. ಋತುವು ಕೆಟ್ಟುದರ ಕಥೆಯನ್ನು ಕೆಲವರ ಅತ್ಯಾದಾನದಿಂದ ಆರಂಭಿಸಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕಾಮಾಕ್ಷಿಪಾಳ್ಯದ ಕೂಲಿಯವನು ಉರಿಸಿದ ತೈಲವೆಷ್ಟು, ಅವನು ಅನುಭವಿಸುತ್ತಿರುವ ಶಾಖವೆಷ್ಟು ಎಂದು ತೂಗಿ ನೋಡಿದರೆ ಆ ಪರಂಪರೆಯ ಅರ್ಥವು ವಿಶದವಾಗುತ್ತದೆ.

ಒಂದು ವ್ಯಾಕರಣದ ಅಂಶವನ್ನು ಹೇಳುವುದು ಉಳಿದಿದೆ. ನಕ್ಷತ್ರಾದಿಗಳ ವಿಕೃತಿಯನ್ನು ಕಂಡ ಆತ್ರೇಯನು, ಇನ್ನು ಭೂಮಿಯು ಓಷಧಿಗಳಿಗೆ ರಸವನ್ನು ಕೊಡಲಾರದೆಂದೂ, ಧ್ವಂಸಕ್ಕೆ ಮೊದಲೇ ಭೇಷಜಗಳನ್ನು ಕಿತ್ತು ಸಂಗ್ರಹಿಸಬೇಕೆಂದೂ ಅಗ್ನಿವೇಶನಿಗೆ ಆಜ್ಞಾಪಿಸುತ್ತಾನೆ. ಸಂಬೋಧನೆಯು ಏಕವಚನದಲ್ಲಿದೆ, ಕ್ರಿಯಾಪದವು ಬಹುವಚನದಲ್ಲಿದೆ. ಒಬ್ಬನನ್ನು ಕರೆದು ಎಲ್ಲ ವೈದ್ಯರಿಗೂ ಹೇಳಿದಂತೆ. ಆ ಆಜ್ಞೆಯು ರೋಗಿಗೆ ಹೇಳಿದುದಲ್ಲ. ಕಾಲವೂ ರೋಗ ಬಂದ ಮೇಲಿನದಲ್ಲ. 2023ರ ನವೆಂಬರಿನಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಹವಾಮಾನದ ವಿಷಯವಾಗಿ ಒಂದು ಕಾರ್ಯಯೋಜನೆಯನ್ನು ಪ್ರಕಟಿಸಿತು. ಪಾಲಿಕೆಯು 2025ರಲ್ಲಿ ಐದು ನಗರಪಾಲಿಕೆಗಳಾಗಿ ಒಡೆದು, ಪಶ್ಚಿಮಕ್ಕೆ ಬೇರೆಯ ಪಾಲಿಕೆಯೇ ಆಗಿದೆ. ಡೆಂಗಿಯ ಡ್ರಮ್ಮುಗಳಿಗೆ ಮುಚ್ಚಳವನ್ನು ಹಂಚಬೇಕಾದುದು ಮಾರ್ಚಿಯಲ್ಲಿ, ನೀರು ನಿಂತಾಗ. ತಗಡಿನ ಮಾಡಿಗೆ ಬಿಳಿಯ ಸುಣ್ಣವನ್ನು ಬಳಿಸಬೇಕಾದುದು ಫೆಬ್ರವರಿಯಲ್ಲಿ. ರಾಜಕಾಲುವೆಯ ಹೂಳನ್ನು ತೆಗೆಸಬೇಕಾದುದು ಮೇ ತಿಂಗಳ ಗುಡುಗುಮಳೆಗೆ ಮುಂಚೆ.